ಆಪಾ ಬರೆಸಿದ ಎರಡು ಸಾಲು

ಕಳೆದ ವಾರ ಅಂಗಡಿಯ ಷಟರು ಮೇಲೇಳದೆ ಹಟ ಹಿಡಿದಿತ್ತು. ರಿಪೇರಿಗೆ ಬಂದವನು ಚೀಲದಿಂದ ಸಣ್ಣ ಡಬ್ಬಿ ತೆಗೆದು ಎರಡೂ ಪಕ್ಕದ ಪಟ್ಟಿಗೆ ಎಣ್ಣೆ ಬಿಟ್ಟ. ಹೊಲಿಗೆ ಯಂತ್ರಕ್ಕೆ ಬಿಡುತ್ತಾರಲ್ಲ, ಅದೇ ಎಣ್ಣೆ. ಆ ತೆಳುವಾದ ವಾಸನೆ ಒಳಗೆ ಬಂದಾಗ ನಾನು ದಢೇಸುಗೂರಿನ ಭತ್ತದ ಬೀಜದ ವ್ಯಾಪಾರಿಯೊಬ್ಬರಿಗೆ ಅವರ ಹೊಸ ವೆಬ್‌ಸೈಟು ತೋರಿಸುತ್ತಿದ್ದೆ. ಅವರು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದರು.

"ಮೇಡಮ್, ಈ ಮೆಟಾ ಟ್ಯಾಗ್ ಅಂತಾರಲ್ರೀ, ಅವು ಇನ್ನೂ ಬೇಕೇನ್ರೀ? ಅವೆಲ್ಲಾ ಹಳೇ ಕಾಲದ್ದು, ಈಗ ಮಷೀನೇ ಎಲ್ಲಾ ತಿಳ್ಕೊಂತೈತಿ ಅಂತಾನ ನಮ್ಮ ಅಳಿಯ."

ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ. ಮೆಟಾ ಟ್ಯಾಗ್ ಎಂದರೆ ಪುಟದೊಳಗೆ ನೋಡುವವರ ಕಣ್ಣಿಗೆ ಬೀಳದಂತೆ ಸರ್ಚ್ ಎಂಜಿನ್ನಿಗಾಗಿ ಬರೆದಿಡುವ ಸಾಲುಗಳು. ಅದರಲ್ಲಿ ಕೀವರ್ಡ್ ಎನ್ನುವುದನ್ನು ಈಗ ಯಾವ ದೊಡ್ಡ ಸರ್ಚ್ ಎಂಜಿನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಸ್ಕ್ರಿಪ್ಷನ್ ಎನ್ನುವುದು ಮಾತ್ರ, ನಾವು ಏನನ್ನಾದರೂ ಹುಡುಕಿದಾಗ ಪುಟದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತದಲ್ಲ, ಆ ಎರಡು ಸಾಲು. ಅದರಿಂದ ಪುಟ ಮೇಲಕ್ಕೇರುವುದಿಲ್ಲ. ಆದರೆ ಒಳಗೆ ಹೋಗಬೇಕೋ ಬೇಡವೋ ಎಂದು ಜನ ತೀರ್ಮಾನ ಮಾಡುವುದು ಅದನ್ನು ಓದಿಯೇ. "ಹಂಗಾದ್ರ ಅದನ್ನ ಛಲೋ ಬರೀರಿ" ಎಂದು ಅವರು ಎದ್ದು ಹೋದರು. ಎಣ್ಣೆಯ ವಾಸನೆ ಹೋಗಲಿಲ್ಲ...

ಸಿಂಧನೂರಿನಲ್ಲಿ ನಾನು ಅಂಗಡಿ ಹಾಕಿದಾಗ ಮೇಲಿನ ಕೋಣೆಯಲ್ಲಿ ಆಪಾ ಇದ್ದರು. ಆಪಾ ಎಂದರೆ ಅಕ್ಕ; ಓಣಿಗೆಲ್ಲ ಅವರು ಆಪಾ, ನನಗೂ ಆಪಾ. ಮಸ್ಕಿಯವರು. ತಂದೆ ತೀರಿಕೊಂಡ ಮೇಲೆ ಅಲ್ಲಿನ ಮನೆ ಬಿಟ್ಟು, ಹೊಲಿಗೆ ಯಂತ್ರವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಇಲ್ಲಿಗೆ ಬಂದಿದ್ದರು. ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಹಳೇ ಬಟ್ಟೆಯ ಮೇಲೆ ಒಂದಷ್ಟು ಓಡಿಸಿ, ಆಮೇಲೆಯೇ ಹೊಸ ಬಟ್ಟೆ ಮುಟ್ಟುತ್ತಿದ್ದರು. ನನ್ನ ಕಂಪ್ಯೂಟರು ಶುರುವಾಗುವ ಹೊತ್ತಿಗೆ ಅವರ ಯಂತ್ರ ನನ್ನ ತಲೆಯ ಮೇಲೆ ಓಡುತ್ತಿರುತ್ತಿತ್ತು. ಒಂದು ದಿನ ಅದು ನಿಂತರೆ ನನಗೆ ಕೆಲಸ ಸಾಗುತ್ತಿರಲಿಲ್ಲ.

ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ. ನನ್ನ ಡಬ್ಬಿಯ ಪುಂಡಿಪಲ್ಯ ಅವರಿಗೆ ಇಷ್ಟ, ಅವರ ಹುಳಿಸಾರು ಖಟ್ಟಾ ನನಗೆ. ನನ್ನನ್ನು ಅವರು "ಬೇಟಾ" ಎನ್ನುತ್ತಿದ್ದರು. ಈ ಕಡೆ ಚಿಕ್ಕ ಪ್ರಾಯದ ಹೆಂಗಸರನ್ನೆಲ್ಲ ತಂಗಿ ಎನ್ನುವುದು ರೂಢಿ. ಆಪಾ ಯಾರನ್ನೂ ಹಾಗೆ ಕರೆದದ್ದನ್ನು ನಾನು ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೂ ತೀರಾ ತಡವಾಗಿ.

ಅವರಿಗೊಬ್ಬ ತಂಗಿ ಇದ್ದಳು. ಮಸ್ಕಿಯಿಂದ ಲಿಂಗಸುಗೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು ಒಂದು ಸಂಜೆ ಬಸ್ಸಿನಿಂದ ಇಳಿಯಲಿಲ್ಲ. ಮನೆಯವರು ಒಪ್ಪದ ಹುಡುಗನ ಜೊತೆ ಮದುವೆಯಾಗಿದ್ದಳು. ಆಮೇಲೆ ಒಮ್ಮೆ ಫೋನ್ ಮಾಡಿದಳಂತೆ. ತಂದೆ ಎತ್ತಿಕೊಂಡು, "ನಮ್ಮ ಮನ್ಯಾಗ ಒಬ್ಬಾಕಿನೇ ಮಗಳು" ಎಂದು ಇಟ್ಟುಬಿಟ್ಟರು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಆಪಾಗೆ ನಿಶ್ಚಯವಾಗಿದ್ದ ಸಂಬಂಧವೂ ಅದೇ ಕಾರಣಕ್ಕೆ ಮುರಿಯಿತು. ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಇದನ್ನೆಲ್ಲ ಅವರು ಹೇಳಿದ್ದು ಒಂದೇ ಸಲ, ನನ್ನ ಕುಪ್ಪಸದ ತೋಳಿಗೆ ಗುಂಡುಪಿನ್ನು ಚುಚ್ಚುತ್ತಾ, ಮುಖ ಎತ್ತದೆ.

"ನೀ ಕಂಪ್ಯೂಟರ್‌ದಾಗ ಅಂಗಡಿಗೋಳ ಹೆಸರು ಬರಂಗ ಮಾಡ್ತೀಯಲ್ಲ ಬೇಟಾ" ಎಂದರು ಆಮೇಲೆ. "ನನ್ನ ಹೆಸರೂ ಬರಂಗ ಮಾಡ್ತೀ?"

ಹೊಲಿಗೆಗೆ ಗಿರಾಕಿ ಬೇಕೇನೋ ಎಂದುಕೊಂಡೆ. ಅಲ್ಲ ಎಂದರು. ಹಾಗಿದ್ದರೆ ನಾವೇ ತಂಗಿಯನ್ನು ಹುಡುಕೋಣ, ಫೋನಿನಲ್ಲಿ ಈಗ ಎಲ್ಲರೂ ಸಿಗುತ್ತಾರೆ ಎಂದೆ. ಅದಕ್ಕೆ ತಲೆ ಅಲ್ಲಾಡಿಸಿದರು.

"ಬ್ಯಾಡ. ಆಕಿ ಫೋನ್ ಮಾಡಿದಾಗ ನಾ ಅಬ್ಬಾನ ಬಾಜೂಕೇ ನಿಂತಿದ್ದೆ. ಒಂದ್ ಮಾತ ಆಡಲಿಲ್ಲ. ಈಗ ನಾನಾಗೇ ಹೋಗಿ ಬಾಗಿಲು ಬಡಿದ್ರ ಆಕಿಗೆ ಹೆಂಗ ಅನಸ್ತೈತೋ. ಆಕಿಗೆ ಬೇಕನಿಸಿದಾಗ ನಾ ಸಿಗಬೇಕು, ಅಷ್ಟ."

ಬೇಕಾದವರಿಗೆ ಸಿಗುವಂತೆ ಮಾಡುವುದೇ ನನ್ನ ಕಸುಬು. ಆದರೆ ಅಕ್ಕಿ ಗಿರಣಿಗಳಿಗೆ, ಟ್ರ್ಯಾಕ್ಟರ್ ಅಂಗಡಿಗಳಿಗೆ ಮಾಡುವಾಗ ಅದು ಹೀಗೆ ಎದೆಗೆ ತಾಗಿರಲಿಲ್ಲ.

ನನ್ನದೇ ಸೈಟಿನ ಮೂಲೆಯಲ್ಲಿ ಅವರಿಗೊಂದು ಪುಟ ಮಾಡಲು ಕೂತೆ. ಮೊದಲ ಪ್ರಶ್ನೆ ಒಂದೇ. "ಆಕಿ ಏನಂತ ಹುಡುಕ್ತಾಳ ಆಪಾ?" ಮಸ್ಕಿ ಎಂದು ಹುಡುಕಿದರೆ ಸಾವಿರ ಪುಟ ಬರುತ್ತವೆ. ಆಪಾ ಎಂದು ಯಾರೂ ಹುಡುಕುವುದಿಲ್ಲ. ಅವರು ಅಂದು ಡಬ್ಬಿ ಮುಚ್ಚಿಕೊಂಡು ಮೇಲೆ ಹೋದರು. ಮರುದಿನ ಊಟದ ಹೊತ್ತಿಗೆ ಬಂದವರೇ, "ಕುಟ್‌ಕುಟ್ ಮಲಿದಾ" ಎಂದರು.

ಅವರ ತಾಯಿ ಮಾಡುತ್ತಿದ್ದದ್ದು. ಉಳಿದ ಜೋಳದ ರೊಟ್ಟಿಗೆ ಬೆಲ್ಲ, ಎಳ್ಳು, ಬಡೇಸೋಪು ಸೇರಿಸಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟುವುದು. ಒರಳಿನ ಪಕ್ಕ ಕೂತು ಕೇಳುತ್ತಿದ್ದ ಚಿಕ್ಕ ತಂಗಿ ಇಟ್ಟ ಹೆಸರು ಅದು. "ಮಲಿದಾ ಎಲ್ಲರ ಮನ್ಯಾಗೂ ಮಾಡ್ತಾರ. ಕುಟ್‌ಕುಟ್ ಮಲಿದಾ ನಮ್ಮ ಮನ್ಯಾಗಷ್ಟ. ಆಕಿಗೂ ಮಕ್ಕಳಾಗಿರ್ತಾವ, ಅವೂ ಕೇಳ್ತಾವ. ಮಾಡೋದು ಮರ್ತಿರ್ತಾಳ. ಯಾರ್ನ ಕೇಳ್ಬೇಕು ಆಕಿ? ಫೋನ್ನೇ ಕೇಳ್ತಾಳ."

ಹುಡುಕಿ ನೋಡಿದೆ. ಆ ಎರಡು ಪದ ಜೋಡಿಯಾಗಿ ಎಲ್ಲೂ ಇರಲಿಲ್ಲ. ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅವಳು ಹೇಗೆ ಹೇಗೆ ಬರೆಯಬಹುದೋ ಹಾಗೆಲ್ಲ ಪುಟದಲ್ಲಿ ಬರೆದೆ. ಹೆಸರಿನ ಜಾಗದಲ್ಲಿ 'ಕುಟ್‌ಕುಟ್ ಮಲಿದಾ, ಆಪಾ ಹೊಲಿಗೆ, ಸಿಂಧನೂರು' ಎಂದು ಹಾಕಿದೆ. ಕೆಳಗೆ ಅವರ ಫೋನ್ ನಂಬರು, ಹೊಲಿದ ಬಟ್ಟೆಗಳ ಚಿತ್ರ, ಮಲಿದಾ ಮಾಡುವ ಬಗೆ. ಅದನ್ನು ಹೇಳುತ್ತಾ ಬಂದವರು ಬೆಲ್ಲದ ಹತ್ತಿರ ನಿಂತರು. "ಬೆಲ್ಲ ಎಷ್ಟು ಅಂತ ಬರೀಬ್ಯಾಡ. ಕೇಳಾಕ ಏನರ ಇರ್ಲಿ."

ಕೀವರ್ಡ್ ಜಾಗ ಖಾಲಿ ಬಿಟ್ಟಿದ್ದೆ. ಅದೇನು ಎಂದು ಕೇಳಿದರು. ಯಾರಿಗೂ ಕಾಣದ ಜಾಗ, ಈಗ ಸರ್ಚ್ ಎಂಜಿನ್ನೂ ಅದನ್ನು ಲೆಕ್ಕಕ್ಕಿಡುವುದಿಲ್ಲ ಎಂದೆ. "ಯಾರೂ ಓದಂಗಿಲ್ಲ?" ಎಂದರು. "ಹಂಗಾದ್ರ ಅಲ್ಲಿ ಆಕಿ ಹೆಸರು ಬರಿ." ಹೆಸರು ಹೇಳಿದರು. ಹೇಳಿ, ಇನ್ನೊಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು. ಎಷ್ಟು ವರ್ಷವಾಗಿತ್ತೋ ಅದು ಅವರ ಬಾಯಲ್ಲಿ ಬಂದು... ನಾನು ಟೈಪು ಮಾಡಿದೆ.

ಕೊನೆಗೆ ಡಿಸ್ಕ್ರಿಪ್ಷನ್. ಗಿರಣಿಗಳಿಗಾದರೆ 'ಉತ್ತಮ ಗುಣಮಟ್ಟ, ನಂಬಿಕಸ್ತ ಸೇವೆ' ಎಂದೇನೋ ಬರೆಯುತ್ತೇನೆ. ಆಪಾ ಹೇಳಿದ್ದನ್ನು ಹೇಳಿದಂತೆಯೇ ಬರೆದೆ: 'ನಮ್ಮ ಮನ್ಯಾಗಿನ ಕುಟ್‌ಕುಟ್ ಮಲಿದಾ. ಅಬ್ಬಾ ಈಗ ಇಲ್ಲ. ಆಪಾ ಸಿಂಧನೂರಾಗ ಅದಾಳ, ಬಾಗಿಲು ತಗದೇ ಐತಿ.'

ಪುಟ ಹುಡುಕಾಟದಲ್ಲಿ ಕಾಣಿಸಿಕೊಂಡಾಗ ಆ ಸಾಲು ಇರಲಿಲ್ಲ. ಅದರ ಬದಲು, ಪುಟದ ಒಳಗಿನಿಂದ ತೆಗೆದ 'ಕುಪ್ಪಸ ಹೊಲಿಗೆ, ಪಿಕೋ, ಫಾಲ್ ಹಾಕಿಕೊಡಲಾಗುವುದು' ಎಂಬ ಸಾಲು ಬಂದಿತ್ತು. ಸರ್ಚ್ ಎಂಜಿನ್ನು ಹೀಗೆ ಮಾಡುತ್ತದೆ. ನಾವು ಬರೆದದ್ದನ್ನು ಬಿಟ್ಟು ತನಗೆ ಸರಿಕಂಡದ್ದನ್ನು ತೋರಿಸುತ್ತದೆ. ಆಪಾ ಪರದೆ ನೋಡಿ, "ನಾ ಹೇಳಿದ್ದೆಲ್ಲಿ ಹೋತು ಬೇ?" ಎಂದರು. ಸಿಟ್ಟಿರಲಿಲ್ಲ, ಗಾಬರಿ ಇತ್ತು. ಹೊಲಿಗೆಯ ಸಾಲುಗಳನ್ನು ಕೆಳಕ್ಕೆ ತಳ್ಳಿ, ಅವರ ಮಾತನ್ನೇ ಪುಟದ ಮೇಲುಗಡೆಯೂ ಬರೆದೆ. ಕೆಲವು ದಿನ ಕಳೆದ ಮೇಲೆ ಅದು ಬಂತು. ಆಪಾ ಕನ್ನಡಕ ಹಾಕಿಕೊಂಡು ಓದಿ, ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದರು.

ಆಮೇಲೆ ಕಾಯುವುದು. ಪುಟ ಯಾರಿಗಾದರೂ ಕಂಡಿತೇ, ಕಂಡವರು ಒತ್ತಿ ಒಳಗೆ ಬಂದರೇ ಎಂದು ತಿಳಿಯುವ ಒಂದು ವ್ಯವಸ್ಥೆ ಇದೆ. ಊಟ ಮುಗಿಸಿ ಅದನ್ನು ತೆಗೆದು ನೋಡುವುದು ನಮ್ಮಿಬ್ಬರ ರೂಢಿಯಾಯಿತು. ತುಂಬಾ ದಿನ ಏನೂ ಇರಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ, ಪುಟ ಯಾರಿಗೋ ಕಂಡಿತ್ತು. ಮರುದಿನ ಮತ್ತೆ ಕಂಡಿತ್ತು. ಒಳಗೆ ಮಾತ್ರ ಯಾರೂ ಬಂದಿರಲಿಲ್ಲ. ಯಾರು, ಯಾವ ಪದ ಹಾಕಿ ಹುಡುಕಿದರು ಎನ್ನುವುದನ್ನೂ ಅದು ಹೇಳುತ್ತಿರಲಿಲ್ಲ.

"ಬಾಗಿಲ ತನ ಬಂದು ಹೋಗ್ಯಾಳ" ಎಂದರು ಆಪಾ.

"ಬ್ಯಾರೆ ಯಾರರ ಇರಬಹುದು ಆಪಾ. ಕುಪ್ಪಸ ಹೊಲಿಸೋರೂ ಇರಬಹುದು."

"ಇಲ್ಲ. ಆಕಿನೇ."

ಆ ದಿನಗಳಲ್ಲಿ ಅವರು ಮಸ್ಕಿಯ ಮದುವೆಗಳಿಗೂ ಹೋಗುವುದನ್ನು ಬಿಟ್ಟರು. ತಾವಿಲ್ಲದಾಗ ಅವಳು ಬಂದುಬಿಟ್ಟರೆ ಎಂದು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಯಂತ್ರ ನಿಲ್ಲುತ್ತಿತ್ತು. ಕೆಳಗೆ ಕೂತ ನನಗೆ ಅದು ಗೊತ್ತಾಗುತ್ತಿತ್ತು. ಮತ್ತೆ ಓಡತೊಡಗಿದರೆ, ಬಂದದ್ದು ಗಿರಾಕಿ ಎಂದು ಅರ್ಥ.

ಫೋನ್ ಬಂದ ದಿನ ನಾನು ಮೇಲೆಯೇ ಇದ್ದೆ. ಕೈ ಯಂತ್ರದ ಮೇಲೆ ಇರುತ್ತದೆಂದು ಅವರು ಯಾವಾಗಲೂ ಸ್ಪೀಕರ್ ಹಾಕುತ್ತಿದ್ದರು. "ಹಲೋ, ಹೊಲಿಗೀಗೇನ್ರೀ?" ಎಂದರು. ಆ ಕಡೆಯಿಂದ ಬಸ್ಸಿನ ಹಾರ್ನ್, ಯಾವುದೋ ಮಗುವಿನ ಸದ್ದು. ಆಮೇಲೆ ಒಂದು ಹೆಣ್ಣು ದನಿ, ದಖ್ಖನಿ ಉರ್ದುವಿನಲ್ಲಿ, ಬಹಳ ಮೆಲ್ಲಗೆ:

"ಆಪಾ... ಗುಡ್ ಕಿತ್ತಾ ಡಾಲ್ನಾ?"

ಬೆಲ್ಲ ಎಷ್ಟು ಹಾಕಬೇಕು ಎಂದು.

ಆಪಾ ಯಂತ್ರದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದರು. ಮುಷ್ಟಿ ತುಂಬಾ ಹಾಕು ಎಂದು ಹೇಳಲು ಹೋದರು, ಮುಷ್ಟಿ ಎಂಬಲ್ಲಿಗೆ ದನಿ ಒಡೆಯಿತು. ನಾನು ಸದ್ದಾಗದಂತೆ ಕೆಳಗಿಳಿದು ಬಂದೆ. ಅಂದು ಯಂತ್ರ ಮತ್ತೆ ಓಡಲಿಲ್ಲ.

ಹಬ್ಬದ ಮರುವಾರ ತಂಗಿ ಹುಬ್ಬಳ್ಳಿಯಿಂದ ಮಗಳನ್ನು ಕರೆದುಕೊಂಡು ಬಂದಳು. ಅಕ್ಕತಂಗಿಯರು ಅಂದು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಸಂಜೆ ಅವಳು ನನಗೆಂದು ತಟ್ಟೆಯಲ್ಲಿ ಉಂಡೆ ಹಿಡಿದುಕೊಂಡು ಕೆಳಗೆ ಬಂದಳು. ಆ ಪುಟದ ಒಳಗೆ ಬರಲು ಅಷ್ಟು ದಿನ ಯಾಕೆ ಹಿಡಿಯಿತು ಎಂದು ಕೇಳಿಬಿಟ್ಟೆ.

"ಅಂಜಿಕಿರೀ" ಎಂದಳು. "ಮಗಳು ಕೇಳಿದ್ಲಂತ ಸುಮ್ನ ಬರ್ದು ನೋಡ್ದೆ, ಆ ಎರಡು ಸಾಲು ಬಂತು. ಅಬ್ಬಾ ಇಲ್ಲ ಅನ್ನೋದು ನನಗ ಅಲ್ಲೇ ಗೊತ್ತಾತು. ಒಳಗ ಹೋದ್ರ ಇನ್ನೇನ್ ಬರ್ದಿರ್ತಾರೋ ಅಂತ ಒತ್ತಲಿಲ್ಲ. ಆಮ್ಯಾಲ ದಿನಾ ಹುಡುಕೋದು, ಆ ಸಾಲು ಓದೋದು, ಫೋನ್ ಇಡೋದು. ಕಡೀಕೊಂದಿನ ಒತ್ತಿದೆ, ಬೆಲ್ಲದ ಲೆಕ್ಕ ಇರಲಿಲ್ಲ, ನಂಬರ್ ಇತ್ತು. ಬಾಗಿಲು ತಗದೈತಿ ಅಂತಿತ್ತಲ್ರೀ..."

ಅಷ್ಟು ದಿನ ಅವಳು ಓದುತ್ತಿದ್ದದ್ದು ಆ ಎರಡು ಸಾಲು ಅಷ್ಟೇ. ನಾನು ಕಷ್ಟಪಟ್ಟು ಮಾಡಿದ ಪುಟವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

ಮುಂದಿನದ್ದು ಸಹಜವಾಗಿ ಆಗಬೇಕಾದ್ದು. ಆಪಾಗೆ ಕಣ್ಣು ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವಂತಾಯಿತು. ತಂಗಿ ಬಿಡದೆ ಕರೆದಳು. ಒಂದು ಬೆಳಿಗ್ಗೆ ಯಂತ್ರವನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಹುಬ್ಬಳ್ಳಿ ಬಸ್ಸಿನ ಮೇಲೆ ಏರಿಸಿದೆವು. ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿ, "ಉಣ್ಣೋದು ಬಿಡಬ್ಯಾಡ ಬೇಟಾ" ಎಂದರು. ಅವರನ್ನು ತಂಗಿಗೆ ಸಿಗುವಂತೆ ಮಾಡಿದವಳು ನಾನೇ. ಸಂತೋಷಪಟ್ಟೆ, ಸುಳ್ಳಲ್ಲ. ಆದರೆ ಮಧ್ಯಾಹ್ನ ಡಬ್ಬಿ ತೆರೆದಾಗಲೆಲ್ಲ ಮೇಲಿನ ಸದ್ದಿಗೆ ಕಿವಿಗೊಡುತ್ತಿದ್ದೆ...

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಹೋದ ಚಳಿಗಾಲದಲ್ಲಿ ಒಂದು ದಿನ ಅವರ ನಂಬರಿನಿಂದ ತಂಗಿ ಮಾತಾಡಿದಳು. ಆಪಾ ಮಲಗಿದವರು ಏಳಲಿಲ್ಲವಂತೆ. ಮಣ್ಣು ಕೊಡುವುದೂ ಮುಗಿದಿತ್ತು. ಫೋನ್ ಇಡುವ ಮೊದಲು ಅವಳು, "ಆ ಪುಟ ತಗೀಬ್ಯಾಡ್ರೀ ಅಕ್ಕಾರ. ನಾ ಈಗ್ಲೂ ಹುಡುಕ್ತೀನಿ" ಎಂದಳು.

ತೆಗೆಯಲಿಲ್ಲ. ಈಗೀಗ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಸರ್ಚ್ ಎಂಜಿನ್ನು ತಾನೇ ಬರೆದ ಉತ್ತರ ಬರುತ್ತದೆ. ಮಲಿದಾ ಎಂದರೇನು, ಅದಕ್ಕೆ ಏನೇನು ಬೇಕು ಎಂದು. ಆಪಾ ಅದರ ಕೆಳಗೆ ಇರುತ್ತಾರೆ. ಮೇಲಿನ ಕೋಣೆ ಈಗ ಕೊರಿಯರ್‌ನವರದು. ಅಂಟುಪಟ್ಟಿ ಹರಿಯುವ ಸದ್ದು ಬರುತ್ತದೆ.

ಇವತ್ತು ಬೆಳಿಗ್ಗೆ ಪಾಮನಕಲ್ಲೂರಿನ ಹೆಣ್ಣುಮಗಳೊಬ್ಬಳು ಕುಪ್ಪಸದ ಬಟ್ಟೆ ಹಿಡಿದುಕೊಂಡು ಬಂದಳು. ಇಲ್ಲಿ ಆಪಾ ಅಂತ ಹೊಲಿಯೋರು ಅದಾರಲ್ಲ, ಯಾವ ಕಡೆ ಹತ್ತಬೇಕು ಎಂದು ಕೇಳಿದಳು. ಆಪಾ ಇಲ್ಲ ಎಂದೆ. ಯಾವಾಗ ಬರುತ್ತಾರೆ ಎಂದಳು. ತೀರಿಕೊಂಡರು ಎಂದು ಹೇಳಬೇಕಾಯಿತು. ಈ ಊರಿನಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಫೋನ್ ನೋಡಿದಳು, ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಅದಾಳ ಅಂತ ಬರದೈತಲ್ರೀ ಇದರಾಗ?"

"ಹೌದವ್ವಾ" ಎಂದೆ. "ಬರದೈತಿ."