ಆರು ಅನ್ನುವ ದೊಡ್ಡಣ್ಣ

ನಮ್ಮ ಮಾನಸಿಕ ವಾರ್ಡಿನಲ್ಲಿ ಉಸಿರನ್ನು ಗಮನಿಸುತ್ತ ಕೂರುವ ಮಂಗಳವಾರದ ಗುಂಪು ಡಾಕ್ಟರಿಲ್ಲದೆಯೂ ನಡೆದೀತು, ದೊಡ್ಡಣ್ಣನಿಲ್ಲದೆ ನಡೆಯದು. ಸ್ಕಿಜೋಫ್ರೀನಿಯಾ ಎಂದು ಬರೆಸಿಕೊಂಡು ಒಂಬತ್ತು ವರ್ಷದಿಂದ ಇಲ್ಲೇ ಇರುವ ಅವನು ಹತ್ತು ಗಂಟೆಗೆ ಮುಂಚೆಯೇ ಕುರ್ಚಿಗಳನ್ನು ದುಂಡಗೆ ಜೋಡಿಸಿ, ಕಿರುಗುಟ್ಟುವ ಕುರ್ಚಿಯನ್ನು ತನಗೇ ಇಟ್ಟುಕೊಳ್ಳುತ್ತಾನೆ. ಆರು ತಿಂಗಳಿಗೊಮ್ಮೆ ಬದಲಾಗುವ ಡಾಕ್ಟರಮ್ಮಂದಿರಿಗೆ ಪಾಠವೂ ಅವನದೇ: “ಕಣ್ಣು ಮುಚ್ಚಿ ಅನ್ಬೇಡಿ ಮೇಡಂ, ಮುಚ್ಚಿದ್ರೆ ಇವರಿಗೆ ಒಳಗಿನ ಗಲಾಟೆ ಜಾಸ್ತಿ. ನೆಲ ನೋಡಿ ಅನ್ನಿ.” ಕಿವಿಯೊಳಗಿನ ದನಿಗಳಿಗೆ ಹೆದರುವವರಿಗೆ ಒಂದೇ ಮಾತು: “ಬೈಕೊಂಡು ಬರ್ತವೆ, ಬೈಕೊಂಡು ಹೋಗ್ತವೆ. ನೀವ್ಯಾಕೆ ಎದ್ದು ಬಾಗಿಲು ತೆಗೀತೀರಿ?” ಕೊನೆಯಲ್ಲಿ ಸಂಕಟ ಹತ್ತಕ್ಕೆ ಎಷ್ಟು ಎಂದು ನರ್ಸಾದ ನಾನು ಕೇಳಿ ಬರೆದುಕೊಳ್ಳುವಾಗ ಮಾತ್ರ ಈ ಮಹಾಗುರು ಪ್ರತಿ ವಾರವೂ “ಆರು” ಅನ್ನುತ್ತಾನೆ. ಎಂಟಾದರೆ ಮಾತ್ರೆ ಹೆಚ್ಚುತ್ತದೆ. ಎರಡಕ್ಕೆ ಇಳಿದರೆ, ಬಂದು ಕರೆದುಕೊಂಡು ಹೋಗಿ ಎಂದು ಮನೆಗೆ ಕಾಗದ ಹೋಗುತ್ತದೆ. ಹಿಂದೊಮ್ಮೆ ಅವನು ನಾಲ್ಕು ವಾರ ಸತತವಾಗಿ ಎರಡು ಅಂದಿದ್ದ. ಅವನ ತಮ್ಮನಿಗೆ ನಾನೇ ಕಾಗದ ಹಾಕಿದ್ದೆ. ಮನೆ ಖಾಲಿ ಮಾಡಿದ್ದಾರೆ, ಹೊಸ ವಿಳಾಸ ಗೊತ್ತಿಲ್ಲ ಎಂದು ಬರೆಸಿಕೊಂಡು ಅದು ವಾಪಸು ಬಂತು. ದೊಡ್ಡಣ್ಣ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ಕೊಟ್ಟು, ಕುರ್ಚಿ ಜೋಡಿಸಲು ಹೋದ. ಮೊನ್ನೆ, ವಾರ್ಡಿಗೆ ಹೊಸದಾಗಿ ಸೇರಿದ ಟೈಲರೊಬ್ಬ ನಗುನಗುತ್ತಾ “ಎರಡು” ಅಂದ. ದೊಡ್ಡಣ್ಣ ಅವನ ಕಡೆ ಬಾಗಿ ಮೆಲ್ಲಗೆ ಹೇಳಿದ: “ಸ್ವಲ್ಪ ತಡೀರಿ. ಮನೆಯವರು ಇನ್ನೂ ಅಲ್ಲೇ ಇದಾರಾ ಅಂತ ಮೊದ್ಲು ಕೇಳ್ಕೊಳ್ಳಿ, ಆಮೇಲೆ ಎರಡು ಅನ್ನಿ.”