ಬಾಡಿಗೆ ಮನೆಯ ಚೀಟಿ

ಮಂತ್ರಿಗಳು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರು ನಗುನಗುತ್ತ, ಅವ್ವನನ್ನು ತಂಗೀ ಎಂದು ಕರೆದು, ನಮ್ಮ ಮನೆ ಬಿಡಿಸಿದರು. ಅದು ತಮ್ಮಿಂದಾದದ್ದೆಂದು ಅವರಿಗೆ ಕೊನೆಯವರೆಗೂ ಹೊಳೆದಿರಲಿಕ್ಕಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಬ್ಯಾಡಗಿಯಲ್ಲಿ ನಮ್ಮದು ಒಂದೇ ಖೋಲಿಯ ಬಾಡಿಗೆ ಮನೆ. ಅಪ್ಪ ಲಾರಿ ಡ್ರೈವರ್, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಅವಳ ಸೀರೆಗೆ ಹತ್ತಿದ ಘಾಟಿಗೆ ಹೆದರಿ ಎಷ್ಟೋ ಮನೆ ಮಾಲಕರು ಬಾಗಿಲಲ್ಲೇ ಕೆಮ್ಮಿ ಕಳಿಸಿದ್ದರು. ಹಿತ್ತಲಲ್ಲಿ ಸೀರೆ ಬದಲಿಸಿಯೇ ಒಳಗೆ ಬರಬೇಕೆಂಬ ಕರಾರಿನ ಮೇಲೆ ಸಿಕ್ಕ ಖೋಲಿ ಅದು. ಮಾಲಕರಿಗೆ ನಾನು ಕಾಕಾ ಎನ್ನುತ್ತಿದ್ದೆ. ಹಬ್ಬಕ್ಕೆ ಅವರ ಮನೆಯ ಹೋಳಿಗೆ ನಮಗೂ ಬರುತ್ತಿತ್ತು.

ಆ ವರ್ಷ ಬಡವರಿಗೆ ನಿವೇಶನ ಕೊಡುತ್ತಾರೆಂದು ಸುದ್ದಿಯಾಯಿತು. ಹೈಸ್ಕೂಲಿನಲ್ಲಿದ್ದ ನಾನೇ ಅರ್ಜಿ ಬರೆದೆ. ಆಫೀಸಿನಲ್ಲಿ, ನೀವು ಇದೇ ಊರಲ್ಲಿ ಇದ್ದೀರಿ ಎಂದು ಮನೆ ಮಾಲಕರಿಂದ ಚೀಟಿ ತರಬೇಕು ಎಂದರು. ಅವ್ವ ಅರ್ಜಿ ಮಡಚಿಕೊಂಡು ವಾಪಸು ಬಂದಳು. ಬಾಡಿಗೆ ಮನೆಯಲ್ಲಿದ್ದವರು ಚೀಟಿ ಕೇಳಬಾರದೆನ್ನುವುದು ಊರಿಗೆಲ್ಲ ಗೊತ್ತು. ಬರೆದು ಕೊಟ್ಟರೆ ಬಾಡಿಗೆಯವರು ಅದನ್ನೇ ಹಿಡಿದು ಹಕ್ಕು ಕೇಳಿ, ಮನೆಯೇ ಕೈಬಿಟ್ಟು ಹೋಗುತ್ತದೆಂದು ಮಾಲಕರಿಗೆ ಹೆದರಿಕೆ.

ಅಷ್ಟರಲ್ಲಿ ಮಂತ್ರಿಗಳು ಊರಿಗೆ ಬಂದರು. ಭಾಷಣ ಮುಗಿಸಿ ಕಾರಿನ ಕಡೆ ಹೊರಟಾಗ ನಾನು ಅವ್ವನನ್ನು ಮುಂದಕ್ಕೆ ನೂಕಿದೆ. ಅವಳು ಕೈಮುಗಿದು ಎಲ್ಲ ಹೇಳಿದಳು.

"ಇಷ್ಟ ಏನ ತಂಗೀ? ಮಾಲಕರನ್ನ ಕೇಳು, ಬರದ ಕೊಡ್ತಾರ. ನಮ್ಮ ಹಿತ್ತಲಮನ್ಯಾಗ ಇದ್ದವ್ರಿಗೆ ಅವ್ರು ಕೇಳೂದ್ರೊಳಗ ನಾವು ಕೊಟ್ಟೇವಿ. ಒಂದು ಚೀಟಿಗೆ ಯಾಕ ಹೆದರ್ತಿ?" ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಅವರಲ್ಲಿ ಬಾಡಿಗೆ ಮನೆಯವರೇ ಬಹಳ.

"ಬ್ಯಾಡ ಬಿಡವಾ," ಎಂದಳು ಅವ್ವ ದಾರಿಯಲ್ಲಿ. "ಮಂತ್ರಿಗಳ ಹೇಳ್ಯಾರ, ಕೇಳು," ಎಂದು ಹಟ ಹಿಡಿದವಳು ನಾನು. ಅಷ್ಟು ದೊಡ್ಡವರು ಅಷ್ಟು ಜನರೆದುರು ಹೇಳಿದ್ದು ಸುಳ್ಳಾದೀತೇ ಎಂದುಕೊಂಡಿದ್ದೆ. ಆ ದಡ್ಡತನಕ್ಕೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಅವ್ವ ಚೀಟಿ ಕೇಳಿದಾಗ ಕಾಕಾ ಸಿಟ್ಟಾಗಲಿಲ್ಲ. ಕುರ್ಚಿಯಿಂದ ಎದ್ದು ನಿಂತರು. "ಹಿಂಗ ಒಬ್ಬಾಂವಗ ಬರದ ಕೊಟ್ಟು ಇನ್ನೂ ಹಾವೇರಿ ಕೋರ್ಟಿಗೆ ಅಡ್ಡಾಡಾಕತ್ತೇನಿ. ನಿಮ್ಮ ಮ್ಯಾಲೆ ಸಂಶೆ ಇಲ್ಲವಾ. ಆದ್ರ ಈ ಮಾತು ಬಂದ ಮ್ಯಾಲೆ ನನಗ ನಿದ್ದಿ ಹತ್ತೂದಿಲ್ಲ. ಅಮಾಸಿಯೊಳಗ ಬ್ಯಾರೆ ಮನಿ ನೋಡ್ಕೋರಿ."

ಚೀಟಿ ಬೇಡವೇ ಬೇಡ ಎಂದು ಅವ್ವ ಅರ್ಜಿಯನ್ನು ಅವರೆದುರೇ ಹರಿದು ಹಾಕಿದಳು. ಕಾಕಾ ನೆಲ ನೋಡುತ್ತ ನಿಂತರೇ ಹೊರತು ಮಾತು ಬದಲಿಸಲಿಲ್ಲ.

ಮಂತ್ರಿಗಳು ರಾಣೇಬೆನ್ನೂರಿನ ಪ್ರವಾಸಿ ಮಂದಿರದಲ್ಲಿದ್ದಾರೆಂದು ತಿಳಿದು ನಾವಿಬ್ಬರೂ ಬಸ್ಸು ಹತ್ತಿದೆವು. ಮಧ್ಯಾಹ್ನದವರೆಗೆ ಕಾದ ಮೇಲೆ ಒಳಗೆ ಬಿಟ್ಟರು. ಅವರಿಗೆ ನಮ್ಮ ಗುರುತು ಹತ್ತಲಿಲ್ಲ, ಆದರೂ ಪೂರ್ತಿ ಕೇಳಿದರು. "ಹೋದ್ರ ಹೋಗಲಿ ಬಿಡು. ಬ್ಯಾರೆ ಮನಿ ಹಿಡೀರಿ, ಆ ಮಾಲಕರ ಕಡಿಂದ ಚೀಟಿ ತರ್ರಿ. ಮುಂದಿಂದು ನಾ ನೋಡ್ಕೋತೇನಿ," ಎಂದು ನಮಗೆ ಚಹಾ ಕೊಡಿಸಿದರು. ಬೈದಿದ್ದರೆ ನಾವೂ ಹೊರಗೆ ಬಂದು ನಾಲ್ಕು ಮಾತು ಬೈಯಬಹುದಿತ್ತು. ಚಹಾ ಕುಡಿದು ಬಂದೆವು.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಊರ ಅಂಚಿನಲ್ಲಿ ಒಂದು ತಗಡಿನ ಖೋಲಿ ಸಿಕ್ಕಿತು. ಮಾಲಕಿ ಇನ್ನೂ ಏನೂ ಕೇಳಿರಲಿಲ್ಲ, ಅವ್ವನೇ ಹೇಳಿದಳು: "ನಾವು ಚೀಟಿ-ಪಾಟಿ ಕೇಳಾವ್ರಲ್ರೀ ಅಕ್ಕಾರ. ಬೇಕಾದ್ರ ನನ್ನ ಮಗಳು ಹಂಗಂತ ಬರದ ಕೊಡ್ತಾಳ." ಮಾಲಕಿ ಒಳಗಿನಿಂದ ಹಾಳೆ ತಂದಳು. ನಾವು ಬಾಡಿಗೆಗೆ ಇಲ್ಲ, ನಾಲ್ಕು ದಿನಕ್ಕೆಂದು ಪರ ಊರಿನಿಂದ ಬಂದ ಬೀಗರು, ನೆಂಟರು ಎಂದು ಬರೆಸಿದಳು. ಬರೆದೆ. ಅವ್ವ ಹೆಬ್ಬೆಟ್ಟು ಒತ್ತಿದಳು. ಆ ಖೋಲಿಯಲ್ಲಿ ನಾವು ಹನ್ನೊಂದು ವರ್ಷ ಬೀಗರಾಗಿದ್ದೆವು.