ದೊಡ್ಡವರಿಗೆ ಮಾತ್ರ

ತಪ್ಪು ನನ್ನದು. ಅದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೂತು ಬೇರೆಯವರ ಅನುವಾದ ತಿದ್ದಿದವಳು ನಾನು. ಅಂಥವಳು ಎರಡೇ ಪದಗಳ ಒಂದು ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತರಲು ಹೋಗಿ ಎಡವಿದೆ.

ಕೋವಿಡ್ ಭಯ ಕಳೆದು ಜನ ಮತ್ತೆ ವಿಮಾನ ಹತ್ತತೊಡಗಿದ್ದ ವರ್ಷ. ನಮ್ಮ ಮದುವೆಗೆ ಇಪ್ಪತ್ತೈದು ತುಂಬುವುದಿತ್ತು. ವರ್ಜೀನಿಯಾದ ಸ್ಟರ್ಲಿಂಗ್‌ನ ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮೂರು ಜನ. ಮಗಳು ಅಟ್ಲಾಂಟಾದಲ್ಲಿ ಓದುತ್ತಿದ್ದಳು. ನನಗಿದ್ದ ಆಸೆ ಒಂದೇ: ನಾಲ್ಕು ದಿನ, ನಾವಿಬ್ಬರೇ, ಎಲ್ಲಾದರೂ. ಇದು ದುರಾಸೆಯಲ್ಲ ಎನ್ನುವುದಕ್ಕೆ ಹಿನ್ನೆಲೆ ಕೊಡುತ್ತೇನೆ. ಮದುವೆಯಾದ ವಾರ ಊಟಿಗೆ ಹೋದಾಗ ಮೆಟಡೋರ್‌ನಲ್ಲಿ ಹದಿನಾಲ್ಕು ಜನರಿದ್ದೆವು. ಇವರ ಸೋದರತ್ತೆಗೆ ವಾಂತಿಯಾಗುತ್ತಿದ್ದುದರಿಂದ ಕಿಟಕಿಯ ಪಕ್ಕ ಅವರು, ಅವರ ಪಕ್ಕ ನಿಂಬೆಹಣ್ಣು ಹಿಡಿದುಕೊಂಡು ನಾನು. ಗಂಡ ಹಿಂದಿನ ಸೀಟಿನಲ್ಲಿದ್ದರು. ಬೊಟಾನಿಕಲ್ ಗಾರ್ಡನ್ನಿನಲ್ಲಿ ಒಮ್ಮೆ ಎದುರಾದೆವು.

ಹೀಗಾಗಿ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಬಂಗಲೆಯೊಂದನ್ನು ಬುಕ್ ಮಾಡಿದೆ. ರಿಸಾರ್ಟಿನ ಜಾಹೀರಾತಿನ ಮೇಲೆ 'ಅಡಲ್ಟ್ಸ್ ಓನ್ಲಿ' ಎಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದು ಎಂಥ ಜಾಗ ಎಂದು ಕೇಳಿದರು. ಸರಿಯಾದ ಅನುವಾದ ನನಗೆ ಗೊತ್ತಿತ್ತು: ವಯಸ್ಕರಿಗೆ ಮಾತ್ರ. ಆದರೆ ಆ ಮಾತು ಕನ್ನಡದಲ್ಲಿ ಬದುಕಿರುವುದು ಮಾರ್ನಿಂಗ್ ಶೋ ಪೋಸ್ಟರುಗಳ ಕೆಳಗೆ ಮಾತ್ರ. ಎಪ್ಪತ್ನಾಲ್ಕು ವರ್ಷದ ಅತ್ತೆಯ ಎದುರು, ಹುಳಿ ಬಡಿಸುತ್ತಾ, ಅದನ್ನು ಹೇಳುವುದು ಹೇಗೆ?

"ಅಲ್ಲಿ ಮಕ್ಕಳಿಗೆ ಎಂಟ್ರಿ ಇಲ್ಲ ಅತ್ತೆ. ದೊಡ್ಡವರಿಗೆ ಮಾತ್ರ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಹೌದಾ? ಪರವಾಗಿಲ್ವೇ ಈ ದೇಶದವರು. ದೊಡ್ಡವರಿಗೇ ಅಂತ ಬೇರೆ ಜಾಗ ಮಾಡಿದ್ದಾರಾ?"

ಅರ್ಧ ಗಂಟೆಯೊಳಗೆ ಮೈಸೂರಿನ ತಂಗಿಗೆ ವಿಡಿಯೋ ಕಾಲ್ ಹೋಯಿತು. "ವಯಸ್ಸಾದವರಿಗೇ ಒಂದು ದ್ವೀಪವಂತೆ ಕಣೆ. ಗಲಾಟೆ ಇಲ್ಲ, ಗದ್ದಲ ಇಲ್ಲ. ಮಗ ಸೊಸೆ ಕರ್ಕೊಂಡು ಹೋಗ್ತಿದ್ದಾರೆ. ಯಾರು ಮಾಡ್ತಾರೆ ಹೇಳು ಈ ಕಾಲದಲ್ಲಿ?"

ಅಡುಗೆಮನೆಯಲ್ಲಿ ಗಂಡ ನನ್ನನ್ನು ನೋಡಿದರು. "ದೊಡ್ಡವರಿಗೆ ಅಂದಿದ್ದು ನೀನು. ನೀನೇ ಕರೆಕ್ಟ್ ಮಾಡು."

"ಏನಂತ ಮಾಡ್ಲಿ? ನೀವೇ ಹೋಗಿ ಅಮ್ಮಂಗೆ ವಯಸ್ಕರಿಗೆ ಮಾತ್ರ ಅನ್ನಿ ನೋಡೋಣ."

ಅವರು ಹೋಗಲಿಲ್ಲ. ಸಿಂಕಿನ ಅಂಚು ಹಿಡಿದುಕೊಂಡು ನಗತೊಡಗಿದರು. ತಿದ್ದುಪಡಿ ಪ್ರಕಟವಾಗದೆ ಉಳಿಯಿತು. ಫೋನಿನಲ್ಲಿ ಮಗಳು, "ಅಜ್ಜಿನೂ? ಆ ಪ್ಲೇಸ್‌ಗೆ? ಅಮ್ಮಾ, ಪ್ಲೀಸ್ ಎಲ್ಲಾ ರೆಕಾರ್ಡ್ ಮಾಡು," ಎಂದಳು. ಮಾಡಿದ್ದೇನೆ. ಮುಂದಿನದೆಲ್ಲ ನಾನು ಅಲ್ಲಿ ಬರೆದುಕೊಂಡ ಟಿಪ್ಪಣಿಗಳಿಂದ.

ಗುರುವಾರ ಮಧ್ಯಾಹ್ನ ತಲುಪಿದೆವು. ಬೇರೆ ಬಂಗಲೆ ಖಾಲಿ ಇರಲಿಲ್ಲ. ನಮ್ಮದರಲ್ಲೇ ಅತ್ತೆಗೆ ಒಂದು ದಿವಾನ್ ಮಂಚ ಹಾಕಿಸಿಕೊಟ್ಟರು. ದಡದಿಂದ ಮರದ ಹಲಗೆಯ ಉದ್ದನೆಯ ಸೇತುವೆ, ಅದರ ಎರಡೂ ಬದಿಗೆ ಹುಲ್ಲಿನ ಸೂರಿನ ಬಂಗಲೆಗಳು. ನಮ್ಮನ್ನು ಕರೆದೊಯ್ದ ಹುಡುಗಿ, "ನಮ್ಮ ಅತ್ಯಂತ ರೊಮ್ಯಾಂಟಿಕ್ ಬಂಗಲೆ," ಎಂದು ಹೇಳಿ ಮೂವರನ್ನೂ ಒಮ್ಮೆ ಎಣಿಸಿದಳು. ನೀರಿನ ಮೇಲಕ್ಕೆ ಚಾಚಿದ್ದ ಮರದ ಜಗಲಿಗೆ ಅಲ್ಲಿ ಡೆಕ್ ಎನ್ನುತ್ತಿದ್ದರು; ಅತ್ತೆ ಅದರ ಮೇಲೆ ನಿಂತು ಒಂದು ಸುತ್ತು ತಿರುಗಿದರು. "ಈಶಾನ್ಯಕ್ಕೆ ನೀರಿರಬೇಕು ಅಂತಾರೆ. ಇಲ್ಲಿ ಎಂಟೂ ದಿಕ್ಕಿಗೆ ನೀರು. ವಾಸ್ತುವಿಗೆ ಏನೂ ಹೇಳೋ ಹಾಗಿಲ್ಲ."

ಕೋಣೆಯ ನಡುವೆ ನೆಲಕ್ಕೆ ಗಾಜು ಕೂರಿಸಿದ್ದರು. ಕೆಳಗೆ ಹಸಿರು ನೀರು, ಅದರಲ್ಲಿ ಹಳದಿ ಪಟ್ಟೆಯ ಮೀನುಗಳು. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಡಚಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಸುತ್ತಲೂ ಹೃದಯದ ಆಕಾರದಲ್ಲಿ ಗುಲಾಬಿ ಎಸಳು. ಅತ್ತೆ ಎಸಳುಗಳನ್ನೆಲ್ಲ ಬಳಿದು ತಟ್ಟೆಗೆ ಹಾಕಿಕೊಂಡು, ಬ್ಯಾಗಿನಿಂದ ರಾಯರ ಫೋಟೋ ತೆಗೆದು ಮಿನಿಬಾರಿನ ಮೇಲಿಟ್ಟು ಏರಿಸಿದರು. ಒಂದು ಹಂಸವನ್ನು ಬಿಚ್ಚಿ ಮುಖ ಒರೆಸಿಕೊಂಡರು. ಇನ್ನೊಂದನ್ನು ಬಿಚ್ಚಿ ಗಾಜಿನ ಮೇಲೆ ಹಾಸಿದರು.

"ಅದ್ಯಾಕೆ ಅತ್ತೆ?"

"ಸೀರೆ ಬದಲಾಯಿಸ್ಬೇಕು. ಮೀನು ನೋಡ್ತಾವೆ."

ಬಚ್ಚಲುಮನೆಗೆ ಬಾಗಿಲೇ ಇರಲಿಲ್ಲ. ಸಮುದ್ರ ನೋಡುತ್ತಾ ಸ್ನಾನ ಮಾಡಲೆಂದು ಹಾಗೆ ಕಟ್ಟಿದ್ದರು. ಅತ್ತೆಯ ಒಂದು ಕಾಟನ್ ಸೀರೆ ಪರದೆಯಾಯಿತು. ಒಳಗೆ ಹೋಗುವವರು ಸುಪ್ರಭಾತವನ್ನೋ ಮತ್ತೊಂದನ್ನೋ ಗುನುಗಬೇಕು, ಯಾರಿದ್ದಾರೆಂದು ಗೊತ್ತಾಗಲು. ನನ್ನ ಗಂಡನಿಗೆ ಬರುವುದು ಮಗ್ಗಿ ಮಾತ್ರ. ಶುಕ್ರವಾರ ಬೆಳಿಗ್ಗೆ ಅವರು ಹದಿನೇಳರ ಮಗ್ಗಿ ಹೇಳುತ್ತಾ ಹಲ್ಲುಜ್ಜುತ್ತಿದ್ದರು. ಹದಿನೇಳು ಏಳಲಿಗೆ ತಪ್ಪಿದರು. ಅತ್ತೆ ಹೊರಗಿನಿಂದ ತಿದ್ದಿದರು. ನಾನು ಡೆಕ್ಕಿನ ಮೇಲೆ ಮಲಗಿ ಮುಖದ ಮೇಲೆ ಟೋಪಿ ಹಾಕಿಕೊಂಡು ನಕ್ಕೆ.

ತಿಂಡಿಯ ಹಾಲ್‌ನಲ್ಲಿ ಅತ್ತೆ ಬಹಳ ಹೊತ್ತು ಸುತ್ತ ನೋಡಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಜೋಡಿಗಳು, ಈಜುಡುಗೆಯಲ್ಲೇ ಬಂದವರು.

"ದೊಡ್ಡವರು ಎಲ್ಲಿದ್ದಾರೋ?" ಎಂದು ಮಗನನ್ನು ಕೇಳಿದರು. "ಎಲ್ಲಾ ಚಿಕ್ಕವರೇ ಕಾಣ್ತಾರೆ. ಬಟ್ಟೇನೂ ಚಿಕ್ಕದೇ."

"ಇನ್ನೂ ಬರ್ತಾರಮ್ಮ. ತಿಂಡಿಗೆ ಲೇಟಾಗಿ ಏಳ್ತಾರೆ."

"ವಯಸ್ಸಾದವರು ಲೇಟಾಗಿ ಏಳೋದನ್ನ ಎಲ್ಲಾದರೂ ಕೇಳಿದ್ದೀಯಾ?" ಎಂದು ಪಪ್ಪಾಯದ ಮೇಲೆ ಚಟ್ನಿಪುಡಿ ಉದುರಿಸಿಕೊಂಡರು.

ಆಗ ನನಗೆ ಪಿಚ್ಚೆನಿಸಿತು. ಇಷ್ಟು ದೂರ ಬಂದು ಅವರಿಗೆ ಮಾತಿಗೊಬ್ಬರಿಲ್ಲ. ನನಗೆ ಬೇಕಾಗಿದ್ದ ನಾಲ್ಕು ದಿನದಲ್ಲಿ ಒಂದು ಕಳೆದಿತ್ತು, ಎರಡನೆಯದು ಮಗ್ಗಿಯಲ್ಲಿ ಹೋಗುತ್ತಿತ್ತು. ಒಂದೇ ಪದ ಇಬ್ಬರ ರಜೆಯನ್ನೂ ಕೆಡಿಸಿತ್ತು. ಮಧ್ಯಾಹ್ನ ಡೆಕ್ಕಿನಿಂದ ಸಮುದ್ರಕ್ಕಿಳಿಯುವ ಏಣಿಯ ಮೊದಲ ಮೆಟ್ಟಿಲ ಮೇಲೆ ನಾವಿಬ್ಬರೂ ಕಾಲು ಇಳಿಬಿಟ್ಟು ಕೂತೆವು. ಗಂಡ ನನ್ನ ಕೈ ಹಿಡಿದರು. ಬೆನ್ನ ಹಿಂದಿನಿಂದ, "ಊಟ ಆದ ತಕ್ಷಣ ನೀರಿಗೆ ಇಳೀಬಾರದು," ಎಂಬ ಮಾತು ಬಂತು. ಕೈ ಬಿಟ್ಟೆವು. ಐವತ್ತೆರಡು ವರ್ಷದ ಮನುಷ್ಯ, ಇನ್ನೂರು ಜನರಿಗೆ ಮೇಲಧಿಕಾರಿ, ಥಟ್ಟನೆ ಕೈ ಬಿಟ್ಟ ರೀತಿಗೆ ನನಗೆ ಮತ್ತೆ ನಗು ಬಂತು. ಅವರಿಗೂ ಬಂತು. ಹಲಗೆ ಅಲುಗುವಷ್ಟು ನಕ್ಕೆವು.

ಶನಿವಾರ ಬೆಳಿಗ್ಗೆ ಗಾಳಿ ಜೋರಾಯಿತು. ಅತ್ತೆ ಒಗೆದು ಡೆಕ್ಕಿನ ಕಟಕಟೆಗೆ ಹರವಿದ್ದ ಕೆಂಪಂಚಿನ ಸೀರೆ ಪೂರ್ತಿ ಬಿಚ್ಚಿಕೊಂಡು ಹಾರಿ, ಪಕ್ಕದ ಬಂಗಲೆಯ ಡೆಕ್ಕಿನ ಮೇಲೆ ಹೋಗಿ ಬಿತ್ತು. ಅಲ್ಲಿ ಯಾರಿದ್ದಾರೆಂದು ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ಸೀರೆಯ ಕೆಳಗಿನಿಂದ ಇಬ್ಬರು ಬಿಳಿತಲೆಯ ಹೆಂಗಸರು ಹೊರಬಂದರು. ಉತ್ತರ ಕ್ಯಾರೊಲೈನಾದ ಶಾರ್ಲೆಟ್‌ನ ಅಕ್ಕತಂಗಿಯರು. ಅಕ್ಕನಿಗೆ ಎಪ್ಪತ್ತೊಂಬತ್ತು. ಸೀರೆ ತರಲು ಅತ್ತೆಯ ಜೊತೆ ನಾನೂ ಹೋದೆ. ಅವರ ಮೇಜಿನ ಮೇಲೆ ಇಸ್ಪೀಟು ಹರಡಿತ್ತು. ಅತ್ತೆ ಸೀರೆಯನ್ನು ಮರೆತರು.

"ರಮ್ಮಿ?" ಎಂದರು.

ಅದು ಅಮೆರಿಕಕ್ಕೆ ಬಂದ ಮೇಲೆ ಅಪರಿಚಿತರೊಡನೆ ಅವರು ತಾವಾಗಿಯೇ ಆಡಿದ ಮೊದಲ ಮಾತು. ಅಕ್ಕ ಕುರ್ಚಿ ಎಳೆದು, "ಸಿಟ್ ಡೌನ್, ಹನಿ," ಎಂದರು.

ನಾನು ಒಬ್ಬಳೇ ವಾಪಸು ಬಂದೆ. ಹನ್ನೊಂದೂವರೆಗೆ ಅತ್ತೆ ಬಂದು ದಿಂಬು, ಚಟ್ನಿಪುಡಿ ಡಬ್ಬಿ, ರಾಯರ ಫೋಟೋ ತೆಗೆದುಕೊಂಡರು. ಅಲ್ಲಿ ಇನ್ನೊಂದು ರೂಮು ಖಾಲಿ ಇದೆಯಂತೆ.

"ಭಾಷೆ ಹೇಗೆ ಅತ್ತೆ?"

"ಎಲೆ ಹಾಕೋಕೆ ಭಾಷೆ ಯಾಕೆ? ನನ್ನನ್ನ ಹನಿ ಅಂತಾರೆ. ಜೇನುತುಪ್ಪ. ನೀನು ಒಂದಿನ ಅಂದಿದ್ದೀಯಾ?"

ಮೂರು ಗಂಟೆಗೆ ಗಂಡ ತಡಬಡಿಸಿ ಎದ್ದರು. ಅತ್ತೆಯ ಬಿಪಿ ಮಾತ್ರೆ ಮಿನಿಬಾರಿನ ಮೇಲೆಯೇ ಉಳಿದಿತ್ತು. ಇಬ್ಬರೂ ಹೋಗಿ ಪಕ್ಕದ ಬಾಗಿಲು ಬಡಿದೆವು. ಅತ್ತೆ ಒಂದು ಗೇಣು ತೆರೆದರು. ಕೈಯಲ್ಲಿ ಎಲೆಗಳ ಬೀಸಣಿಗೆ, ನಮಗೆ ಕಾಣದ ಹಾಗೆ ಎದೆಗೊತ್ತಿಕೊಂಡದ್ದು.

"ಏನು?"

"ಮಾತ್ರೆ, ಅಮ್ಮ."

"ಕೊಟ್ಟು ಹೋಗ್ರೋ." ಮಗ ಒಳಗೆ ಇಣುಕಿದ್ದು ಕಂಡು ಬಾಗಿಲನ್ನು ಇನ್ನಷ್ಟು ಮುಂದೆ ಮಾಡಿದರು. "ಇಲ್ಲಿ ದೊಡ್ಡವರಿಗೆ ಮಾತ್ರ."

ಬಾಗಿಲು ಮುಚ್ಚಿತು. ಒಳಗಿನಿಂದ ಮೂರು ಜನರ ನಗು.

ನಮ್ಮ ಬಂಗಲೆಯಲ್ಲಿ ಗಾಜಿನ ನೆಲದ ಮೇಲಿನ ಟವೆಲನ್ನು ತೆಗೆದೆವು. ಬಚ್ಚಲಿನ ಸೀರೆ ಬಿಚ್ಚಿದೆವು. ಅದನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಾ ಬಂದು ಇಬ್ಬರೂ ಎದುರೆದುರು ನಿಂತಾಗ ಗಂಡ, "ಈಗೇನು ಮಾಡೋದು?" ಎಂದರು. ಇಪ್ಪತ್ತೈದು ವರ್ಷದಲ್ಲಿ ಆ ಪ್ರಶ್ನೆ ಬಂದಿರಲೇ ಇಲ್ಲ. ಮಡಚಿದ ಸೀರೆಯನ್ನು ಕುರ್ಚಿಯ ಮೇಲಿಟ್ಟೆ. ಏಣಿಯನ್ನು ಬಿಟ್ಟು, ಕೈ ಕೈ ಹಿಡಿದು, ಉಟ್ಟ ಬಟ್ಟೆಯಲ್ಲೇ ಡೆಕ್ಕಿನ ಅಂಚಿನಿಂದ ಹಾರಿದೆವು. ಅಲ್ಲಿ ನೀರು ಕುತ್ತಿಗೆಯವರೆಗೆ ಮಾತ್ರ ಎಂದು ನಾನು ಮೊದಲೇ ಇಬ್ಬರು ಸಿಬ್ಬಂದಿಯನ್ನು ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡಿದ್ದೆ.

ನೀರು ಬೆಚ್ಚಗಿತ್ತು. ಮೀನುಗಳು ಚದುರಿ ಮತ್ತೆ ಬಂದವು. ಹೊರಡಲು ಇನ್ನೂ ಒಂದೂವರೆ ದಿನವಿತ್ತು.

ಪಕ್ಕದ ಡೆಕ್ಕಿನಿಂದ, ಎಲೆಯಿಂದ ತಲೆಯೆತ್ತದೆ, ಅತ್ತೆ ಹೇಳಿದರು: "ಮಕ್ಕಳಾ, ಸಾಕು ಮೇಲೆ ಬನ್ನಿ. ತಲೆ ಒರೆಸ್ಕೊಳ್ಳಿ. ನೆಗಡಿಯಾಗತ್ತೆ."

ನಾವು ಕೇಳಿಸದವರ ಹಾಗೆ ಇನ್ನೊಮ್ಮೆ ಮುಳುಗಿದೆವು.